ಗಿರಣಿ ನಿಂತಾಗ

ಹನ್ನೊಂದು ಹತ್ತಕ್ಕ ಕರೆಂಟ್ ಹೋತು.
ಬೆಲ್ಟು ಇನ್ನೊಂದು ನಾಕು ಸುತ್ತು ಸುಮ್ನ ತಿರಗಿ,
ಕಲ್ಲು ಉಸರುಬಿಟ್ಟು ನಿಂತು.
ಅರ್ಧಾ ಹಿಟ್ಟು, ಅರ್ಧಾ ಜ್ವಾಳ
ಗಂಗಿಮಾಳವ್ವನ ಡಬ್ಬಿಯೊಳಗ.
"ಬಂತಂದ್ರ ಕೂಗತೇನಿ, ನೀ ಹೋಗು" ಅಂದ್ಲು.
ನಾ ಹಿತ್ತಲ ಬಾಗಲಾ ತಗದೆ.

ಬಾಗಲದಾಚೆ ಒಂದು ಜಾಲಿಗಿಡ, ಒಂದು ಒಡ್ಡು,
ಒಡ್ಡಿನಾಚೆ ಕೆರಿ.
ಗಿರಣಿ ಸಪ್ಪಳದಾಗ ಹದಿನೆಂಟು ವರ್ಷ
ಅದು ನನಗ ಬರೇ ನೀರಾಗಿತ್ತು;
ಗಾಳಿ ಬಿಟ್ರ ಥಂಡಿ, ಬ್ಯಾಸಗಿಗೆ ರಾಡಿ.
ನನ್ನ ಕಿವಿ ತಗಸಿದವರು ಹೆಸ್ಕಾಂನವರು.

ದುರ್ಬೀನು ಹುಬ್ಬಳ್ಳಿ ದುರ್ಗದಬೈಲಿಂದು.
ಗಡಿಯಾರ ರಿಪೇರಿ ಮಾಡೋ ಇಮಾಮಸಾಬ ಕೊಟ್ಟದ್ದು, ಎಂಟನೂರಕ್ಕ.
ಬಲಗಣ್ಣಿಂದು ಬೂಸರ ಹಿಡಿದೈತಿ.
"ಒಂದಽ ಕಣ್ಣು ಸಾಕಲ್ಲೇನಕ್ಕಾ,
ಇದ್ದ ಹಕ್ಕಿ ಏನು ಎರಡು ಕಾಣಬೇಕ?"
ಖರೇನ ಅದು.
ಎಡಗಣ್ಣಿಂದು ಸೆರಗಿಲೆ ಒರಸತೇನಿ,
ಒರಸಿದಷ್ಟೂ ಹಿಟ್ಟು ಬಂದು ಕೂಡತೈತಿ:
ನನ್ನ ಕೆರಿಮ್ಯಾಲೆ ವರ್ಷಪೂರ್ತಿ
ಸಣ್ಣಗ ಜ್ವಾಳದ ಮಂಜು.

ಮೊದಲಿಗೆ ಹೆಸರು ಗೊತ್ತಿರಲಿಲ್ಲ, ನಾನಽ ಇಟ್ಟಿದ್ದೆ.
ಹಣಿಮ್ಯಾಲೆ ಬಿಳಿ ಬೊಟ್ಟಿನ ಕರಿಕೋಳಿ, ಹೊಸಾ ಸೊಸಿ.
ಕೆಂಪು ಕಡ್ಡಿಗಾಲು ಎತ್ತೆತ್ತಿ ಇಟ್ಟು
ನೀರು ಅಳಿಯೋದು, ಸರ್ವೇದಾವ.
ಕಂಡಂಗಾಗಿ ಮುಳುಗಿ
ಹುಡುಕಿದ ಕಡೆ ಏಳದ ಪುಟ್ಟದು,
ಬೀಸಿಸಿಕೊಂಡು ರೊಕ್ಕ ಕೊಡದಾವ.
ಆಮ್ಯಾಲೆ ಸಾಲಿ ಮಾಸ್ತರು ಪುಸ್ತಕ ತಂದ್ರು:
ನಾಮದ ಕೋಳಿ, ಮೆಟ್ಟುಗಾಲು ಹಕ್ಕಿ, ಗುಳುಮುಳುಕ.
ಗುಳುಮುಳುಕ ಮಾತ್ರ
ನಾ ಇಟ್ಟದ್ದಕ್ಕಿಂತ ಚಂದ ಐತಿ, ಒಪ್ಪಿಕೊಂಡೆ.
ಬಾಯಾಗ ಅಂದ್ರ ಸಾಕು,
ತಲಿಮ್ಯಾಲೆ ನೀರು ಮುಚ್ಚಿಕೊಂಡಂಗ.

ಮಾಗಡಿ ಕೆರಿಗೆ ಹೋಗೋ ಕಾರು ನಮ್ಮೂರಾಗ ನಿಲ್ಲೂದಿಲ್ಲ.
ಮೊಳದುದ್ದದ ಕ್ಯಾಮೆರಾದವರು ಕಿಟಕಿ ಇಳಿಸಿ ದಾರಿ ಕೇಳತಾರ.
"ಸೀದಾ ಹೋಗ್ರಿ" ಅಂತೇನಿ.
ಸುಳ್ಳಲ್ಲ. ಅಲ್ಲೆ ಸಾವಿರಗಟ್ಟಲೆ ಅದಾವಂತ.
ಇಲ್ಲಿ ಅದಾವೇನು ಅಂತ ಅವರು ಕೇಳಲಿಲ್ಲ,
ನಾ ಹೇಳಲಿಲ್ಲ.

ಇವತ್ತು ಅದಾವ.
ಜಾಲಿಗಿಡದ ಎಡಕ್ಕ, ಕೆಸರಿನ ಅಂಚಿಗೆ, ಹೆಬ್ಬಾತು.
ಹಿಮದ ಗುಡ್ಡ ಹಾರಿ ಬರತಾವ ಅಂತ ಪುಸ್ತಕದಾಗೈತಿ.
ಇಲ್ಲೆ ನೋಡಿದ್ರ ಸಂತಿ ಮುಗಿಸಿ ಕುಂತವರಂಗ
ಒಂದು ನಿದ್ದಿ, ಒಂದು ತಕರಾರು.
ಬೂದಿಬಣ್ಣದ ಮೈ, ಬಿಳಿ ತಲಿ,
ತಲಿಹಿಂದ ಎರಡು ಕರಿ ಗೀರು.
ನನಗ ಆ ಗೀರಿನ ಗುರುತೈತಿ:
ಗಿರಣಿ ಗ್ವಾಡಿಮ್ಯಾಲೆ ಇದ್ದಲಿಲೆ ನಾ ಎಳಿಯೋದು ಇಂಥವಽ,
ಬಾಕಿದವರ ಹೆಸರಿನ ಮುಂದ, ಡಬ್ಬಿಗೊಂದು.
ಎಲ್ಲಿ ಉದ್ರಿ ಮಾಡಿ ಬಂದೀರೆವ್ವಾ,
ಅಷ್ಟು ಎತ್ತರದಾಗ ಯಾರ ಗಿರಣಿ?

ಎಣಿಸಿದೆ, ನಲವತ್ತೊಂದು.
ಎರಡು ಎದ್ದು ಜಾಗಾ ಬದಲಿಸಿದ್ವು. ಮತ್ತ ಎಣಿಸಿದೆ, ನಲವತ್ತನಾಕು.
ಲೆಕ್ಕ ನನಗ ಗಿರಣ್ಯಾಗ ತಪ್ಪೂದಿಲ್ಲ.

ಬೆನ್ನಹಿಂದ ಗಂಗಿಮಾಳವ್ವ.
"ರಾತ್ರಿ ನಮ್ಮ ಶೇಂಗಾ ಮೇದು ಬಂದಾವ,
ನೀ ಇಲ್ಲಿ ಚಂದಾ ನೋಡಕೋತ ಕುಂತಿ."
ಸಿಟ್ಟಿಲೇ ದುರ್ಬೀನು ಕಸಗೊಂಡ್ಲು.
ಬೂಸರ ಕಡಿಯಿಂದ ನೋಡಿ
"ಏನೂ ಕಾಣವಲ್ದು, ಬರೇ ಮಬ್ಬು" ಅಂದ್ಲು.
ಕಣ್ಣು ಬದಲಿಸಿ ಹಿಡಿದುಕೊಟ್ಟೆ.

ಭಾಳೊತ್ತು ಮಾತಿಲ್ಲ.
ಆಕಿ ಬಾಯಾಗಿನ ಎಲಿ ಅಗಿಯೋದು ನಿಂತಿತ್ತು.
"ಆ ಕಡೀದು, ಕುಂಟತೈತಲ್ಲ,
ಹೋದ ವರ್ಷಾನೂ ಬಂದಿತ್ತಿದು."

ನನಗ ಗೊತ್ತಿರಲಿಲ್ಲ.
ಎರಡು ವರ್ಷದಿಂದ ದುರ್ಬೀನು ಹಿಡಿದಾಕಿ ನಾನು.
ರಾತ್ರಿ ಕೈಯಾಗ ಡಬ್ಬಾ ಹಿಡಕೊಂಡು ಬಡಕೋತ
ಹೊಲಾ ಕಾದಾಕಿ ಆಕಿ.
"ಎಬ್ಬಿಸಿದ್ರ ಎಲ್ಲಾ ಏಳತಾವ," ಅಂದ್ಲು,
"ಇದು ಏಳೂದು ತಡಾ. ಇದಕ್ಕಂತ ಉಳದವು
ಮ್ಯಾಲೆ ಒಂದು ಸುತ್ತು ಹಾಕತಾವ."

ಗಿರಣ್ಯಾಗ ಬಲ್ಬು ಹತ್ತಿದ್ದು
ಇಬ್ಬರಿಗೂ ಕಂಡಿತು.
ಕೂಗತೇನಿ ಅಂದಾಕಿ
ಕೂಗಲಿಲ್ಲ.